ಸ್ಕ್ಯಾನ್ ರಿಪೋರ್ಟಿನಲ್ಲಿ ‘ಸಿಂಪಲ್ ಸಿಸ್ಟ್’: ಓದುವುದು ಹೇಗೆ, ಮುಂದೇನು ಮಾಡಬೇಕು?

ನರ್ಸ್ ಕೆಲಸದಿಂದ ನಿವೃತ್ತಿಯಾಗಿ ವರ್ಷಗಳಾದವು. ಆದರೂ ದಾವಣಗೆರೆಯ ನಮ್ಮ ಮನೆಗೆ ಸ್ಕ್ಯಾನ್ ಕವರ್ ಹಿಡಿದು ಬರುವವರು ನಿಂತಿಲ್ಲ. ಹರಿಹರ, ಜಗಳೂರು, ಮಾಯಕೊಂಡದ ಕಡೆಯಿಂದಲೂ ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ‘ಸಿಸ್ಟರ್, ಅಂಡಾಶಯದಾಗ ನೀರುಗುಳ್ಳೆ ಐತಂತ್ರೀ. ಕ್ಯಾನ್ಸರ್ ಆಗತೈತೇನ್ರೀ?’

ನಮ್ಮ ಬೀದಿಯ ಒಬ್ಬಾಕೆ ಹಾಗೆ ಕೇಳಲೂ ಇಲ್ಲ. ಆಕೆಗೆ 38 ವರ್ಷ, ಇದ್ದದ್ದು 4 ಸೆಂ.ಮೀ. ಗುಳ್ಳೆ. ಕ್ಯಾನ್ಸರ್ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ಒಂದೇ ವಾರದಲ್ಲಿ ಗರ್ಭಕೋಶದ ಜತೆ ಎರಡೂ ಅಂಡಾಶಯ ತೆಗೆಸಿಕೊಂಡು ಬಂದಳು. ಆ ವಯಸ್ಸಿಗೇ ಮುಟ್ಟು ನಿಂತು, ಮೈಯೆಲ್ಲ ಕಾವು, ನಿದ್ದೆಯಿಲ್ಲ. ಇಷ್ಟು ಬೇಗ ಅಂಡಾಶಯ ಹೋದರೆ ಮೂಳೆ, ಹೃದಯಕ್ಕೂ ಪೆಟ್ಟು. ಅವಳ ರಿಪೋರ್ಟನ್ನು ಆಮೇಲೆ ಓದಿದಾಗ ನನಗೆ ಕಣ್ಣೀರು ಬಂತು. ಅದರಲ್ಲಿ ಇದ್ದದ್ದು ಸಿಂಪಲ್ ಸಿಸ್ಟ್, ಅಂದರೆ ಬರೀ ತಿಳಿ ನೀರಿನ ಗುಳ್ಳೆ.

ಹೆಜ್ಜೆ 1: ಅಳತೆ ಸರಿಯಾಗಿ ಓದಿ

ಮಿ.ಮೀ. ಇದೆಯಾ, ಸೆಂ.ಮೀ. ಇದೆಯಾ ನೋಡಿ. 42 ಮಿ.ಮೀ. ಅಂದರೆ 4.2 ಸೆಂ.ಮೀ., ಒಂದು ನಿಂಬೆಹಣ್ಣಿನಷ್ಟು. ಅದನ್ನು 42 ಸೆಂ.ಮೀ. ಅಂದುಕೊಂಡು ರಾತ್ರಿಯಿಡೀ ಅತ್ತವರಿದ್ದಾರೆ.

ಹೆಜ್ಜೆ 2: ಅಳತೆ ಬಿಟ್ಟು ಪದಗಳನ್ನು ಹುಡುಕಿ

ಎಡವುವುದು ಇಲ್ಲೇ. ಎಲ್ಲರೂ ‘ಎಷ್ಟು ದೊಡ್ಡದು’ ಅಂತ ಕೇಳುತ್ತಾರೆ. ‘ಒಳಗೇನಿದೆ’ ಅಂತ ಯಾರೂ ಕೇಳುವುದಿಲ್ಲ. ಕ್ಯಾನ್ಸರ್ ವಿಷಯದಲ್ಲಿ ಗಾತ್ರಕ್ಕಿಂತ ಒಳಗಿನ ರೂಪವೇ ಜಾಸ್ತಿ ಹೇಳುತ್ತದೆ.

ಮೊದಲು ಸಮಾಧಾನದ ಪದಗಳು. ‘ಅನೆಕೋಯಿಕ್’ ಎಂದರೆ ಸ್ಕ್ಯಾನ್ ಪರದೆಯಲ್ಲಿ ಪೂರ್ತಿ ಕಪ್ಪು, ಒಳಗೆ ತಿಳಿ ನೀರು ಮಾತ್ರ. ‘ಥಿನ್ ವಾಲ್’ ಎಂದರೆ ಗೋಡೆ ತೆಳು. ‘ಯೂನಿಲಾಕ್ಯುಲರ್’ ಎಂದರೆ ಒಂದೇ ಕೋಣೆ. ‘ನೋ ಸೆಪ್ಟೇಷನ್’ ಎಂದರೆ ನಡುವೆ ಪರದೆಯಿಲ್ಲ. ‘ನೋ ಸಾಲಿಡ್ ಕಾಂಪೊನೆಂಟ್’ ಎಂದರೆ ಒಳಗೆ ಗಟ್ಟಿ ಭಾಗವಿಲ್ಲ. ಇವೆಲ್ಲ ಸೇರಿದರೆ ಅದೇ ಸಿಂಪಲ್ ಸಿಸ್ಟ್. ಪ್ರತಿ ತಿಂಗಳು ಅಂಡಾಶಯದಲ್ಲಿ ಮೊಟ್ಟೆಯ ಚೀಲವೊಂದು ಎರಡು, ಎರಡೂವರೆ ಸೆಂ.ಮೀ.ವರೆಗೆ ಬೆಳೆದು ಒಡೆಯುತ್ತದೆ. ಸುಲಿದ ಅಡಿಕೆಯಷ್ಟು ಅನ್ನಿ. ಒಡೆಯದೆ ಉಳಿದರೆ ನೀರು ತುಂಬಿ ಗುಳ್ಳೆಯಾಗುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ ಇಂಥ ಗುಳ್ಳೆಗಳೇ ಹೆಚ್ಚು.

ಇನ್ನು ಎಚ್ಚರದ ಪದಗಳು. ಸಾಲಿಡ್ ಇದೆ, ‘ಪ್ಯಾಪಿಲರಿ ಪ್ರೊಜೆಕ್ಷನ್’ ಅಂದರೆ ಒಳಗೋಡೆಯಲ್ಲಿ ಮೊಳಕೆಯಂಥ ಚಾಚು ಇದೆ, ದಪ್ಪ ಪರದೆಗಳಿವೆ, ಗಟ್ಟಿ ಭಾಗದೊಳಗೆ ರಕ್ತ ಹರಿಯುತ್ತಿದೆ, ಹೊಟ್ಟೆಯಲ್ಲಿ ನೀರು ಜಾಸ್ತಿ ಕೂಡಿದೆ ಎಂದಿದ್ದರೆ ಅದು ಸಿಂಪಲ್ ಅಲ್ಲ. ತಡಮಾಡದೆ ಸ್ತ್ರೀರೋಗ ತಜ್ಞರನ್ನು ನೋಡಿ. ‘ಹೆಮರೇಜಿಕ್’, ‘ಡರ್ಮಾಯ್ಡ್’, ‘ಎಂಡೊಮೆಟ್ರಿಯೋಮಾ’ ಎಂದಿದ್ದರೆ ಅವು ಬೇರೆ ಜಾತಿ, ಬಹುತೇಕ ಕ್ಯಾನ್ಸರ್ ಅಲ್ಲದವು. ಪಿಸಿಒಡಿಯ ಸಣ್ಣ ಸಣ್ಣ ಗುಳ್ಳೆಗಳ ಕಥೆಯೇ ಬೇರೆ, ಇದರ ಜತೆ ಕಲೆಸಬೇಡಿ.

ಕೆಲವು ರಿಪೋರ್ಟುಗಳ ಕೊನೆಯಲ್ಲಿ ‘ಓ-ರಾಡ್ಸ್’ ಎಂಬ ಅಂಕಿ ಇರುತ್ತದೆ. 2 ಎಂದಿದ್ದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. 4, 5 ಇದ್ದರೆ ಕ್ಯಾನ್ಸರ್ ತಜ್ಞರ ತನಕ ಹೋಗಲೇಬೇಕು. ರಿಪೋರ್ಟಿನಲ್ಲಿ ಬರೀ ‘ಓವೇರಿಯನ್ ಸಿಸ್ಟ್’ ಅಂತಿದ್ದು ಬೇರೇನೂ ಬರೆಯದಿದ್ದರೆ ನಾನಂತೂ ವಾಪಸ್ ಕಳಿಸುತ್ತೇನೆ. ಸ್ಕ್ಯಾನ್ ಮಾಡಿದ ಡಾಕ್ಟರನ್ನೇ ಕೇಳಿ: ‘ಇದು ಸಿಂಪಲ್ಲಾ, ಒಳಗೆ ಗಟ್ಟಿ ಭಾಗ ಇದೆಯಾ?’ ದುಡ್ಡು ಕೊಟ್ಟಿದ್ದೀರಿ, ಕೇಳುವುದಕ್ಕೆ ಸಂಕೋಚ ಬೇಡ.

ಸಿಂಪಲ್ ಅಂತ ಖಚಿತವಾದರೆ ಎಷ್ಟು ನಿರಾಳ? ಅಮೆರಿಕದಲ್ಲಿ ಸುಮಾರು 72,000 ಹೆಂಗಸರ ಸ್ಕ್ಯಾನ್‌ಗಳನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 50ರೊಳಗಿನ 12,957 ಮಂದಿಗೆ ಸಿಂಪಲ್ ಸಿಸ್ಟ್ ಇತ್ತು. ಮೂರು ವರ್ಷದೊಳಗೆ ಅವರಲ್ಲಿ ಒಬ್ಬರಿಗೂ ಅಂಡಾಶಯದ ಕ್ಯಾನ್ಸರ್ ಕಾಣಲಿಲ್ಲ. 50 ದಾಟಿದ 2,349 ಮಂದಿಯಲ್ಲಿ ಒಬ್ಬರಿಗೆ ಕಂಡಿತು. ಅಂಡಾಶಯದ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವ ಬಗೆ ಬಹುಪಾಲು ಶುರುವಾಗುವುದೇ ಅಂಡನಾಳದ ತುದಿಯಲ್ಲಿ, ನೀರುಗುಳ್ಳೆಯಲ್ಲಿ ಅಲ್ಲ.

ಹೆಜ್ಜೆ 3: ಮುಟ್ಟು ನಿಂತಿದೆಯಾ, ಇಲ್ಲವಾ?

ಮುಟ್ಟಾಗುತ್ತಿರುವವರಿಗೆ 3 ಸೆಂ.ಮೀ.ವರೆಗಿನದು ಮಾಮೂಲು, 5ರವರೆಗೂ ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಬೇಡ. ಅದಕ್ಕಿಂತ ದೊಡ್ಡದಿದ್ದರೆ ಡಾಕ್ಟರು ಎರಡು ಮೂರು ತಿಂಗಳು ಬಿಟ್ಟು ನೋಡುತ್ತಾರೆ. ಮುಟ್ಟು ನಿಂತವರಲ್ಲಿ 3 ಸೆಂ.ಮೀ. ದಾಟಿದರೆ ಕೆಲ ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ನೋಡಿಸಬೇಕು. 10 ಸೆಂ.ಮೀ. ದಾಟಿದ್ದು ಯಾರಿಗಿದ್ದರೂ ತಜ್ಞರೇ ತೀರ್ಮಾನಿಸಬೇಕು. ತಾಯಿ, ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನು ಮೊದಲೇ ಹೇಳಿ.

ಹೆಜ್ಜೆ 4: ಎರಡನೇ ಸ್ಕ್ಯಾನ್

ಮುಟ್ಟು ಮುಗಿದ ಒಂದೆರಡು ದಿನಕ್ಕೆ ಹೋಗಿ. ತಿಂಗಳ ನಡುವೆ ಹೋದರೆ ಆ ತಿಂಗಳ ಹೊಸ ಗುಳ್ಳೆ ಕಂಡು ‘ಕರಗಿಲ್ಲ’ ಅಂತ ಮತ್ತೆ ಗಾಬರಿ. ಅದೇ ಸೆಂಟರಿಗೆ, ಹಳೆಯ ರಿಪೋರ್ಟು ಮತ್ತು ಫಿಲ್ಮ್ ಹಿಡಿದೇ ಹೋಗಿ. ಫಿಲ್ಮನ್ನು ಮಡಚಬೇಡಿ. ಮದುವೆಯಾದವರಿಗೆ ಒಳಗಿನಿಂದ ಮಾಡುವ ಸ್ಕ್ಯಾನ್ ಹೇಳಿದರೆ ಒಪ್ಪಿಕೊಳ್ಳಿ, ಹೊಟ್ಟೆ ಮೇಲಿನದಕ್ಕಿಂತ ಬಹಳ ಚೆನ್ನಾಗಿ ಕಾಣುತ್ತದೆ. ಅದಕ್ಕೆ ಲೀಟರ್‌ಗಟ್ಟಲೆ ನೀರು ಕುಡಿದು ಒದ್ದಾಡುವುದೂ ಬೇಡ.

ಹೆಜ್ಜೆ 5: ಇವುಗಳಿಗೆ ದುಡ್ಡು ಸುರಿಯಬೇಡಿ

ಅಂಡಾಶಯದ ಕ್ಯಾನ್ಸರಿನ ಸುಳಿವಿಗೆ ಮಾಡುವ ‘ಸಿಎ-125’ ರಕ್ತಪರೀಕ್ಷೆಯನ್ನು ನೀವಾಗಿಯೇ ಲ್ಯಾಬಿಗೆ ಹೋಗಿ ಮಾಡಿಸಬೇಡಿ. 35ರ ಮೇಲೆ ಬಂದರೆ ಜೀವ ಹೋದಂತೆ ಆಗುತ್ತದೆ. ಆದರೆ ಮುಟ್ಟು, ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್, ಹೊಟ್ಟೆಯ ಟಿಬಿ, ಇವೆಲ್ಲದರಲ್ಲೂ ಅದು ಏರುತ್ತದೆ. ಮುಟ್ಟು ನಿಂತವರಿಗೆ ಮಾತ್ರ ಅದು ಹೆಚ್ಚು ಉಪಯೋಗ, ಅದೂ ಡಾಕ್ಟರು ಬರೆದರೆ. ಗರ್ಭನಿರೋಧಕ ಮಾತ್ರೆಯಿಂದ ಇದ್ದ ಗುಳ್ಳೆ ಬೇಗ ಕರಗುವುದಿಲ್ಲ. ‘ಗಡ್ಡೆ ಕರಗಿಸುವ’ ಪುಡಿ, ಕಷಾಯದ ಬಾಟಲಿಗಳನ್ನಂತೂ ಮುಟ್ಟಲೇಬೇಡಿ. ತನ್ನಷ್ಟಕ್ಕೇ ಹೋಗುವ ಗುಳ್ಳೆಯ ಹೆಸರಲ್ಲಿ ಅವು ಮಾರಾಟವಾಗುತ್ತವೆ, ಅಷ್ಟೇ.

ಆಪರೇಷನ್ ಅಂದರೆ ಎರಡನೇ ಡಾಕ್ಟರ ಅಭಿಪ್ರಾಯ ಕೇಳಿ. ‘ಗುಳ್ಳೆ ಮಾತ್ರ ತೆಗೆದು ಅಂಡಾಶಯ ಉಳಿಸಬಹುದಾ?’ ಎಂದು ಬಾಯಿಬಿಟ್ಟು ಕೇಳಿ.

ಹೆಜ್ಜೆ 6: ಕಾಯಬಾರದ ಹೊತ್ತು

ಊಟ ಎರಡು ತುತ್ತಿಗೇ ಸಾಕೆನಿಸುವುದು, ವಾರಗಟ್ಟಲೆ ಹೊಟ್ಟೆಯುಬ್ಬರ, ಮುಟ್ಟು ನಿಂತ ಮೇಲೆ ರಕ್ತ, ಇವು ಕಂಡರೆ ಹಳೆಯ ರಿಪೋರ್ಟು ಏನೇ ಹೇಳಿರಲಿ, ಹೋಗಿ ತೋರಿಸಿ.

ಇನ್ನೊಂದು ಅಪಾಯಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲ. ದೊಡ್ಡ ಗುಳ್ಳೆಯ ಭಾರಕ್ಕೆ ಅಂಡಾಶಯ ತಿರುಚಿಕೊಳ್ಳಬಹುದು. ಕಿಬ್ಬೊಟ್ಟೆಯ ಒಂದೇ ಕಡೆ ಒಮ್ಮೆಗೇ ಜೋರು ನೋವು, ಜತೆಗೆ ವಾಂತಿ. ರಕ್ತದ ಓಡಾಟ ನಿಂತು ಅಂಡಾಶಯವೇ ಹೋಗಬಹುದು. ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ, ಚಿಗಟೇರಿ ಜಿಲ್ಲಾ ಆಸ್ಪತ್ರೆಯೋ ಹತ್ತಿರದ ದೊಡ್ಡ ಆಸ್ಪತ್ರೆಯೋ, ತಕ್ಷಣ ಹೊರಡಿ. ಸ್ಕ್ಯಾನ್ ಫೈಲು ಕೈಯಲ್ಲಿರಲಿ. ದಾರಿಯಲ್ಲಿ ಟೀ, ನೀರು ಏನೂ ಬೇಡ, ಹೋದ ಕೂಡಲೇ ಆಪರೇಷನ್ ಬೇಕಾಗಬಹುದು.