ಹಾರ್ಟಿಂಗ್ಟನ್ ಅವರ ರಾಜಕೀಯ ಜೀವನ: ಬ್ರಿಟನ್ನಿನ ಸಂಸತ್ತನ್ನು ಅರಿಯಲು ಒಂದು ದಾರಿ

ಬ್ರಿಟನ್ನಿನಲ್ಲಿ ಹೊಸದಾಗಿ ನೆಲೆಸಿದ ಕನ್ನಡಿಗರಲ್ಲಿ ಅನೇಕರು, ಲಾರ್ಡ್ ಎಂದು ಕರೆಸಿಕೊಳ್ಳುವವರೆಲ್ಲ ಸಂಸತ್ತಿನ ಮೇಲ್ಮನೆಯಲ್ಲಿ ಕೂರುತ್ತಾರೆ ಎಂದು ಭಾವಿಸಿರುತ್ತಾರೆ. ಹಾಗಲ್ಲ ಎಂಬುದಕ್ಕೆ ಲಾರ್ಡ್ ಹಾರ್ಟಿಂಗ್ಟನ್ ಅವರಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

1833ರಲ್ಲಿ ಹುಟ್ಟಿದ ಹಾರ್ಟಿಂಗ್ಟನ್, ಅಂದರೆ ಸ್ಪೆನ್ಸರ್ ಕಾಂಪ್ಟನ್ ಕ್ಯಾವೆಂಡಿಶ್, ಡರ್ಬಿಷೈರ್‌ನ ಚಾಟ್ಸ್‌ವರ್ತ್ ಭವನದ ಒಡೆಯರಾದ ಡೆವನ್‌ಶೈರ್ ಡ್ಯೂಕರ ಮನೆತನದ ಹಿರಿಯ ಮಗ. ತಂದೆ ಬದುಕಿರುವವರೆಗೆ ಅವರಿಗಿದ್ದ ಮಾರ್ಕ್ವೆಸ್ ಆಫ್ ಹಾರ್ಟಿಂಗ್ಟನ್ ಎಂಬ ಬಿರುದು ಕೇವಲ ಗೌರವಸೂಚಕವಾಗಿದ್ದು, ಕಾನೂನಿನ ದೃಷ್ಟಿಯಲ್ಲಿ ಅವರು ಸಾಮಾನ್ಯ ಪ್ರಜೆಯೇ ಆಗಿದ್ದರಿಂದ, ಕೆಳಮನೆಗೆ ಚುನಾವಣೆಯ ಮೂಲಕವೇ ಬರಬೇಕಾಗಿತ್ತು. 1857ರಲ್ಲಿ ಉತ್ತರ ಲ್ಯಾಂಕಾಷೈರ್‌ನಿಂದ ಆಯ್ಕೆಯಾದರು. 1868ರಲ್ಲಿ ಅಲ್ಲಿಯೇ ಸೋತು, ಮರುವರ್ಷ ವೇಲ್ಸ್‌ನ ರ‍್ಯಾಡ್ನರ್‌ನಿಂದ ಗೆದ್ದು ಬಂದರು.

1880ರಲ್ಲಿ ಲಿಬರಲ್ ಪಕ್ಷ ಗೆದ್ದಾಗ ವಿಕ್ಟೋರಿಯಾ ರಾಣಿ ಕೆಳಮನೆಯಲ್ಲಿ ಪಕ್ಷದ ನಾಯಕರಾಗಿದ್ದ ಇವರನ್ನು ವಿಂಡ್ಸರ್‌ಗೆ ಕರೆಸಿ ಸರ್ಕಾರ ರಚಿಸಲು ಕೇಳಿದರು. ಅದೇ ಪಕ್ಷದ ಮಾಜಿ ಪ್ರಧಾನಿ ಗ್ಲಾಡ್‌ಸ್ಟನ್ ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗಲು ಒಪ್ಪದ ಕಾರಣ ಹಾರ್ಟಿಂಗ್ಟನ್ ಹಿಂದೆ ಸರಿದರು. ರಾಣಿಗೆ ಇಷ್ಟವಿಲ್ಲದಿದ್ದರೂ ಗ್ಲಾಡ್‌ಸ್ಟನ್ನರೇ ಪ್ರಧಾನಿಯಾದರು. ಕೆಳಮನೆಯ ವಿಶ್ವಾಸ ಉಳಿಸಿಕೊಳ್ಳಬಲ್ಲವರಿಗೇ ದೊರೆಯ ಆಹ್ವಾನ ಸಲ್ಲಬೇಕೆಂಬ ಈ ಸಂಪ್ರದಾಯವೇ ಇಂದಿಗೂ ಇಲ್ಲಿನ ವ್ಯವಸ್ಥೆಯ ಬೆನ್ನೆಲುಬು. ಹಾರ್ಟಿಂಗ್ಟನ್ ಭಾರತ ವ್ಯವಹಾರಗಳ ಮಂತ್ರಿಯಾದರು. 1881ರ ಮಾರ್ಚ್ 25ರಂದು ಮೈಸೂರಿನ ಆಡಳಿತ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ಲಂಡನ್ನಿನಲ್ಲಿ ಆ ಹುದ್ದೆಯಲ್ಲಿದ್ದವರು ಅವರೇ.

ಐರ್ಲೆಂಡಿನ ಸ್ವಯಮಾಡಳಿತದ ವಿಷಯದಲ್ಲಿ 1886ರಲ್ಲಿ ಅವರು ಗ್ಲಾಡ್‌ಸ್ಟನ್ನರಿಂದ ಬೇರೆಯಾದರು. 1891ರಲ್ಲಿ ತಂದೆ ತೀರಿಕೊಂಡು ಡ್ಯೂಕ್ ಪದವಿ ಬಂದಾಗ, ಬೇಕೋ ಬೇಡವೋ ಎಂಬ ಪ್ರಶ್ನೆಗೆ ಎಡೆಯಿಲ್ಲದೆ, ಮೇಲ್ಮನೆಯ ಸದಸ್ಯರಾಗಿ ಕೆಳಮನೆಯ ಸ್ಥಾನ ಕಳೆದುಕೊಂಡರು. 1893ರಲ್ಲಿ ಮೇಲ್ಮನೆಯಲ್ಲಿ ಐರ್ಲೆಂಡಿನ ಸ್ವಯಮಾಡಳಿತ ಮಸೂದೆಯನ್ನು ತಿರಸ್ಕರಿಸುವ ಸೂಚನೆ ಮಂಡಿಸಿದವರೂ ಇವರೇ. ಸದಸ್ಯರು ಪರ, ವಿರೋಧದ ಎರಡು ಲಾಬಿಗಳಿಗೆ (ಮತ ಎಣಿಸುವ ಮೊಗಸಾಲೆಗಳಿಗೆ) ನಡೆದುಹೋಗಿ ಎಣಿಸಿಕೊಂಡಾಗ, ಮಸೂದೆಯ ಪರ 41, ವಿರುದ್ಧ 419. ಜನರು ಆರಿಸಿದ ಮನೆ ಒಪ್ಪಿದ್ದನ್ನು ವಂಶಪಾರಂಪರ್ಯದ ಮನೆ ಹೀಗೆ ಅಳಿಸಿಹಾಕಿದ್ದು ನನ್ನ ಮಟ್ಟಿಗೆ ನ್ಯಾಯವಲ್ಲ. 1911 ಮತ್ತು 1949ರ ಸಂಸತ್ ಕಾಯಿದೆಗಳು ಈ ಅಧಿಕಾರವನ್ನು ಮೊಟಕುಗೊಳಿಸಿದ್ದರಿಂದ, ಕೆಳಮನೆಯಲ್ಲಿ ಹುಟ್ಟಿದ ಸಾಮಾನ್ಯ ಮಸೂದೆಯನ್ನು ಮೇಲ್ಮನೆ ಈಗ ಸುಮಾರು ಒಂದು ವರ್ಷ, ಹಣಕಾಸು ಮಸೂದೆಯನ್ನು ಒಂದು ತಿಂಗಳು ಮಾತ್ರ ತಡೆಹಿಡಿಯಬಲ್ಲದು.

ಆದ್ದರಿಂದ ನಿಮ್ಮ ಕ್ಷೇತ್ರದ ಕೆಳಮನೆ ಸದಸ್ಯರ ಆಯ್ಕೆಗೆ ತೂಕವಿದೆ. ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ವಯಸ್ಕ ಭಾರತೀಯ ಪೌರರು ಕಾಮನ್‌ವೆಲ್ತ್ ಪ್ರಜೆಗಳಾದ ಕಾರಣ, ಬ್ರಿಟಿಷ್ ಪಾಸ್‌ಪೋರ್ಟ್ ಇಲ್ಲದೆಯೂ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಅದಕ್ಕೆ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.