ಓಟ್ಸಿಗೆ ನೀರು ಸುರಿಯುವ ಮೊದಲು

ಹೋದ ವಾರ ಕಾಸರಗೋಡು ಪೇಟೆಯಲ್ಲಿರುವ ಮಗನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಸೊಸೆ "ಅತ್ತೆ, ಇವತ್ತು ಓಟ್ಸ್ ಉಪ್ಪಿಟ್ಟು" ಅಂದಳು. ಒಗ್ಗರಣೆ ಚೆನ್ನಾಗಿಯೇ ಹಾಕಿದಳು. ಬೇವಿನೆಲೆ ಚಟಪಟ ಅಂದಿತು, ನೀರುಳ್ಳಿ ಬಾಡಿತು, ಘಮ ಅಂಗಳದವರೆಗೆ ಬಂತು. ಆಮೇಲೆ ಎರಡು ಲೋಟ ನೀರು ಸುರಿದು, ಕುದಿ ಬಂದ ಕೂಡಲೇ ಪ್ಯಾಕೆಟ್ ಕತ್ತರಿಸಿ ಒಳಗಿದ್ದದ್ದನ್ನೆಲ್ಲ ಒಮ್ಮೆಲೇ ಹಾಕಿ, ಸೌಟಿನಲ್ಲಿ ತಿರುವಿದಳು, ತಿರುವಿದಳು, ತಿರುವುತ್ತಲೇ ಇದ್ದಳು. ತಟ್ಟೆಗೆ ಬಂದದ್ದು ಉಪ್ಪಿಟ್ಟಲ್ಲ, ಅಂಟು. ಮಗ ಮಾತಾಡದೆ ತಿಂದ. ಮೊಮ್ಮಗಳು ಎರಡು ತುತ್ತು ತಿಂದು ತಟ್ಟೆ ದೂಡಿದಳು. ನನಗೆ ಹೊಟ್ಟೆ ಉರಿದದ್ದು ಆ ಒಳ್ಳೇ ಒಗ್ಗರಣೆಗಾಗಿ.

ತಪ್ಪು ಇವಳೊಬ್ಬಳದಲ್ಲ. ತಂಗಿಯ ಮೊಮ್ಮಗ ಬೆಂಗಳೂರಿನಲ್ಲಿ ಒಬ್ಬನೇ ಇರುವವನು. ಅಂಗಡಿಯಿಂದ ಸ್ಟೀಲ್ ಕಟ್ ಓಟ್ಸ್ ತಂದು, ಅದಕ್ಕೆ ಬಿಸಿ ಹಾಲು ಹಾಕಿ, ಎರಡು ನಿಮಿಷ ಮುಚ್ಚಿಟ್ಟು, ಕಟಕಟ ಅಗಿದು ತಿಂದು ಆಫೀಸಿಗೆ ಹೋದ. ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಫೋನ್ ಮಾಡಿದ. "ದೊಡ್ಡಜ್ಜಿ, ಓಟ್ಸ್ ನನಗೆ ಆಗಿಬರುವುದಿಲ್ಲ." ಆಗಿಬರದೆ ಏನು? ಬೇಯಿಸದೆ ತಿಂದರೆ ಅಕ್ಕಿಯೂ ಆಗಿಬರುವುದಿಲ್ಲ. ಪ್ಯಾಕೆಟಿನ ಮೇಲೆ ಏನು ಬರೆದಿದೆ ಅಂತ ಓದಲು ಇವರಿಗೆ ಪುರುಸೊತ್ತಿಲ್ಲ. ದಿನವಿಡೀ ಫೋನಿನಲ್ಲಿ ಓದುತ್ತಾರಲ್ಲ, ಇದನ್ನೂ ಓದಬಹುದಲ್ವಾ?

ನಮ್ಮ ಕಡೆಯ ಮಕ್ಕಳಿಗೆ ಅಕ್ಕಿಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಜಿಗೆ ಕುಚ್ಚಲಕ್ಕಿ, ತೆಳ್ಳವಿಗೆ, ಅಂದರೆ ನೀರುದೋಸೆಗೆ, ಬೆಳ್ತಿಗೆ ಅಕ್ಕಿ. ದಪ್ಪ ಅವಲಕ್ಕಿ ಬೇರೆ, ತೆಳು ಅವಲಕ್ಕಿ ಬೇರೆ. ತೆಳು ಅವಲಕ್ಕಿಯನ್ನು ಯಾರಾದರೂ ಅರ್ಧ ಗಂಟೆ ನೀರಿನಲ್ಲಿ ನೆನೆ ಹಾಕುತ್ತಾರಾ? ಓಟ್ಸಿಗೂ ಇದೇ ಲೆಕ್ಕ. ಸಿಪ್ಪೆ ತೆಗೆದ ಇಡೀ ಕಾಳು ಅಂದರೆ ಅಕ್ಕಿ ಇದ್ದ ಹಾಗೆ. ಅದನ್ನು ಎರಡು ಮೂರು ತುಂಡು ಮಾಡಿದರೆ ಸ್ಟೀಲ್ ಕಟ್, ಅದು ನುಚ್ಚು. ಇಡೀ ಕಾಳನ್ನು ಆವಿಯಲ್ಲಿ ಮೆದು ಮಾಡಿ ರೋಲರಿನ ಅಡಿಯಲ್ಲಿ ಚಪ್ಪಟೆ ಮಾಡಿದರೆ ರೋಲ್ಡ್, ಅದು ದಪ್ಪ ಅವಲಕ್ಕಿ. ಮೊದಲು ತುಂಡು ಮಾಡಿ ಆಮೇಲೆ ಇನ್ನೂ ತೆಳ್ಳಗೆ ಒತ್ತಿದ್ದು ಕ್ವಿಕ್, ಅದು ತೆಳು ಅವಲಕ್ಕಿ. ಮೊದಲೇ ಬೇಯಿಸಿ ಒಣಗಿಸಿಟ್ಟದ್ದು ಇನ್‌ಸ್ಟಂಟ್. ಇಷ್ಟು ತಲೆಯಲ್ಲಿ ಕೂತರೆ ಅರ್ಧ ಅಡುಗೆ ಆದ ಹಾಗೆ.

ನಾನು ಸಣ್ಣವಳಿದ್ದಾಗ ಅವಲಕ್ಕಿ ಮನೆಯಲ್ಲೇ ಕುಟ್ಟುತ್ತಿದ್ದರು. ನೆನೆದ ಭತ್ತವನ್ನು ಹುರಿದು, ಬಿಸಿ ಬಿಸಿ ಇರುವಾಗಲೇ ಒರಳಿಗೆ ಹಾಕಿ, ಇಬ್ಬರು ಎದುರುಬದುರು ನಿಂತು ಒನಕೆ ಹಾಕುವುದು. ಒನಕೆ ಮೇಲೆ ಹೋದಾಗ ಅಜ್ಜಿ ಕೈ ಹಾಕಿ ಮಗುಚಿ, ಅದು ಕೆಳಗೆ ಬರುವ ಮೊದಲು ಕೈ ತೆಗೆಯುತ್ತಿದ್ದಳು. ನೋಡುವಾಗ ನನಗೆ ಉಸಿರು ನಿಲ್ಲುತ್ತಿತ್ತು. ತಣಿದ ಭತ್ತ ಕುಟ್ಟಿದರೆ ಅವಲಕ್ಕಿ ಆಗುವುದಿಲ್ಲ, ಪುಡಿಯಾಗುತ್ತದೆ. ಓಟ್ಸಿಗೆ ಕಾರ್ಖಾನೆಯಲ್ಲಿ ಆವಿ ಕೊಡುವುದೂ ಒತ್ತುವಾಗ ಪುಡಿಯಾಗದಿರಲಿ ಅಂತಲೇ, ಅದಕ್ಕೆ ಇನ್ನೊಂದು ಕಾರಣವೂ ಇದೆ. ಅದರಲ್ಲಿ ಎಣ್ಣೆಯ ಅಂಶ ಅಕ್ಕಿ, ಗೋಧಿಗಿಂತ ಜಾಸ್ತಿ. ಬಿಸಿ ತಾಗಿಸದಿದ್ದರೆ ಕೆಲವೇ ದಿನದಲ್ಲಿ ಕಹಿಯಾಗುತ್ತದೆ, ಕಮಟು ನಾರುತ್ತದೆ.

ಈಗ ಆ ಅಂಟಿನ ವಿಷಯ. ಓಟ್ಸಿನಲ್ಲಿ ಬೀಟಾ ಗ್ಲುಕಾನ್ ಅಂತ ಒಂದು ನಾರು ಇದೆ. ಅದು ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಡಾಕ್ಟರು ಓಟ್ಸ್ ತಿನ್ನಿ ಅನ್ನುವುದು ಈ ಲೋಳೆಗಾಗಿಯೇ. ಹೊಟ್ಟೆಗೆ ಹೋದ ಮೇಲೆ ಅದು ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದ ಕೊಲೆಸ್ಟ್ರಾಲನ್ನು ಬಳಸುತ್ತದೆ, ಹಾಗೆ ಅದು ಕಡಿಮೆಯಾಗುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಬೇಕು ಅನ್ನುವುದು ಲೆಕ್ಕ, ಅಂದರೆ ಸುಮಾರು 75 ಗ್ರಾಂ ಓಟ್ಸ್. ಹೃದಯಕ್ಕೆ ಒಳ್ಳೆಯದು ಅಂತ ಪ್ಯಾಕೆಟಿನ ಮೇಲೆ ಬರೆಯಲು ಅಮೆರಿಕದ ಸರಕಾರ 1997ರಲ್ಲಿ ಒಪ್ಪಿದ್ದೂ ಈ ನಾರಿನ ಲೆಕ್ಕದಲ್ಲೇ. ಹಾಗಾಗಿ ಲೋಳೆ ಕೆಟ್ಟದ್ದಲ್ಲ. ಗಂಜಿಯಲ್ಲಿ ಅದು ಬೇಕು. ಉಪ್ಪಿಟ್ಟಿನಲ್ಲಿ ಹೊಟ್ಟೆಯೊಳಗೆ ಹೋಗಿ ಬಿಡಲಿ, ಬಾಣಲೆಯಲ್ಲಿ ಬೇಡ.

ಅದಕ್ಕೆ ನಾನು ಮಾಡುವ ಕ್ರಮ ಇದು. ಒಂದು ಹೆಜ್ಜೆಯನ್ನೂ ಬಿಡಬೇಡಿ.

ರೋಲ್ಡ್ ಓಟ್ಸನ್ನೇ ತೆಗೆದುಕೊಳ್ಳಿ. ಕ್ವಿಕ್ ಇದಕ್ಕೆ ಆಗುವುದಿಲ್ಲ. ಮೊದಲು ಜರಡಿ ಹಿಡಿಯಿರಿ. ಪ್ಯಾಕೆಟಿನ ತಳದಲ್ಲಿ ಬಿಳಿ ಪುಡಿ ಇರುತ್ತದಲ್ಲ, ಅದೇ ನೀರು ತಾಗಿದ ಕೂಡಲೇ ಅಂಟಾಗುವುದು. ಆ ಪುಡಿಯನ್ನು ಬಿಸಾಡಬೇಡಿ, ದೋಸೆ ಹಿಟ್ಟಿಗೆ ಹಾಕಿ. ಆಮೇಲೆ ದಪ್ಪ ತಳದ ಕಬ್ಬಿಣದ ಬಾಣಲೆ ಇಟ್ಟು, ಸಣ್ಣ ಉರಿಯಲ್ಲಿ, ಎಣ್ಣೆ ತುಪ್ಪ ಏನೂ ಇಲ್ಲದೆ ಹುರಿಯಿರಿ. ಸಣ್ಣ ಉರಿ ಅಂದರೆ ಸಣ್ಣ ಉರಿಯೇ. ಸಟ್ಟುಗದಿಂದ ತಳದಿಂದ ಮೇಲಕ್ಕೆ ಮಗುಚುತ್ತಾ ಇರಬೇಕು. ಮೊದಲು ಒಣಹುಲ್ಲಿನ ವಾಸನೆ ಬರುತ್ತದೆ. ಆಗ ಇಳಿಸಬೇಡಿ, ಅದು ಹಸಿ ವಾಸನೆ. ಸ್ವಲ್ಪ ಹೊತ್ತಿಗೆ ಆ ವಾಸನೆ ಹೋಗಿ ನೆಲಗಡಲೆ ಹುರಿದ ಹಾಗಿನ ಘಮ ಏಳುತ್ತದೆ. ಸದ್ದನ್ನೂ ಕೇಳಿ. ಮೊದಲು ಮಗುಚುವಾಗ ಸದ್ದೇ ಇರುವುದಿಲ್ಲ, ಬಟ್ಟೆ ಎಳೆದ ಹಾಗೆ. ಹುರಿದು ಬಂದ ಮೇಲೆ ಕಬ್ಬಿಣಕ್ಕೆ ತಾಗಿ ಚರಚರ ಅನ್ನುತ್ತದೆ. ಒಂದು ಎಸಳನ್ನು ಬೆರಳಿನ ನಡುವೆ ಹಿಡಿದು ಮಡಿಸಿ ನೋಡಿ. ಬಾಗಿದರೆ ಆಗಿಲ್ಲ, ಟಕ್ ಅಂತ ಮುರಿಯಬೇಕು. ಬಣ್ಣ ಬದಲಾಗುವವರೆಗೆ ಕಾಯಬಾರದು. ಉರಿ ಆರಿಸಿ ಬಾಣಲೆಯಲ್ಲೇ ಬಿಟ್ಟರೂ ಅದು ಹುರಿಯುತ್ತಲೇ ಇರುತ್ತದೆ, ಹಾಗಾಗಿ ಕೂಡಲೇ ಗೆರಸೆಗೆ (ಮೊರಕ್ಕೆ) ಸುರಿದು ಹರಡಿ. ಕೈಗೆ ಪೂರ್ತಿ ತಣ್ಣಗೆ ತಾಗಬೇಕು.

ಇನ್ನು ನೀರು. ಸುರಿಯುವುದಲ್ಲ, ಚಿಮುಕಿಸುವುದು. ಒಂದು ಬಟ್ಟಲಿನಲ್ಲಿ ನೀರುಮಜ್ಜಿಗೆ ಮಾಡಿ ಉಪ್ಪು ಹಾಕಿ. ಎರಡು ಕುಡ್ತೆ (ಕುಡ್ತೆ ಅಂದರೆ ನಮ್ಮ ಕಡೆಯ ಅಳತೆಯ ಪಾತ್ರೆ) ಓಟ್ಸಿಗೆ ಅರ್ಧ ಕುಡ್ತೆಯೂ ಬೇಡ. ಕೈ ಅದ್ದಿ ಚಿಮುಕಿಸುತ್ತಾ, ಬೆರಳ ತುದಿಯಲ್ಲಿ ಮೇಲಿಂದ ಕೆಳಗೆ ಕೆದಕಿ. ಹಿಸುಕಬೇಡಿ. ಮುಷ್ಟಿಯಲ್ಲಿ ಹಿಡಿದರೆ ಮುದ್ದೆ ಆಗಬೇಕು, ತಟ್ಟಿದರೆ ಉದುರಬೇಕು. ಪುಟ್ಟಿನ ಹಿಟ್ಟು ಕಲಸಿ ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮುಚ್ಚಿಟ್ಟು, ನೀವು ಒಂದು ತೆಂಗಿನಕಾಯಿ ತುರಿಯುವಷ್ಟು ಹೊತ್ತು ಬಿಡಿ. ಆಮೇಲೆ ಆವಿಯಲ್ಲಿ ಬೇಯಿಸುವ ಅಟ್ಟಿನಳಗೆಯಲ್ಲಿ ನೀರು ಕುದಿಸಿ, ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಸಡಿಲವಾಗಿ ಹರಡಿ, ಹತ್ತು ನಿಮಿಷ ಆವಿ ಕೊಡಿ. ಇಡ್ಲಿ ಪಾತ್ರೆಯಲ್ಲೂ ಆಗುತ್ತದೆ. ಮುಚ್ಚಳದ ನೀರು ಮೇಲೆ ತೊಟ್ಟಿಕ್ಕದ ಹಾಗೆ ಬಟ್ಟೆಯ ತುದಿಗಳನ್ನು ಮೇಲಕ್ಕೆ ಮಡಚಿ. ಹೊರಗೆ ತೆಗೆದು ಐದು ನಿಮಿಷ ಆರಲು ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕಿ, ಎರಡು ಸಲ ಮಗುಚಿ, ಕಾಯಿತುರಿ ಉದುರಿಸಿ ಇಳಿಸಿ. ಎಸಳು ಎಸಳಾಗಿ ಬರುತ್ತದೆ. ಮರುದಿನ ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೀಗೇ ಮಾಡಿದೆ. ಮೊಮ್ಮಗಳು ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

ಬಟ್ಟೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೊಸೆ ಕೊಟ್ಟ ಬಟ್ಟೆಯಲ್ಲಿ ಮಲ್ಲಿಗೆಯ ಸೆಂಟಿನ ವಾಸನೆ. ಬಟ್ಟೆ ಒಗೆಯುವ ಮಿಷಿನ್‌ಗೆ ಪರಿಮಳದ ದ್ರಾವಣ ಹಾಕುತ್ತಾರಂತೆ, ಶರ್ಟು ಲಂಗದ ಜೊತೆಗೆ ಅಡುಗೆಮನೆಯ ಬಟ್ಟೆಯೂ ಅದೇ ಮಿಷಿನ್‌ಗೆ. ಆವಿ ತಾಗಿದರೆ ಆ ವಾಸನೆಯೆಲ್ಲ ಇಳಿಯುವುದು ತಿಂಡಿಗೆ. ಅಡುಗೆಗೆ ಹಳೇ ಬಿಳಿ ಪಂಚೆಯ ತುಂಡು ಬೇರೆಯೇ ಇಟ್ಟುಕೊಳ್ಳಿ. ಅದನ್ನು ಬರೀ ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ನಾನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದೆ. ಪೇಟೆಯವರು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿಕೊಳ್ಳಿ.

ಸ್ಟೀಲ್ ಕಟ್ ಇರುವುದು ಗಂಜಿಗೆ. ರಾತ್ರಿ ತೊಳೆದು ನೆನೆ ಹಾಕಿ, ಜೊತೆಗೆ ನಾಲ್ಕು ಕಾಳು ಮೆಂತೆ. ಬೆಳಿಗ್ಗೆ ಜಾಸ್ತಿ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. ನೆನೆದರೂ ಇಪ್ಪತ್ತು ನಿಮಿಷ ಬೇಕು, ನೆನೆಯದಿದ್ದರೆ ಇನ್ನೂ ಜಾಸ್ತಿ. ಕುಚ್ಚಲಕ್ಕಿಯ ಹಾಗೆ ಕಾಳು ಬಿರಿಯಬೇಕು, ಕರಗಬಾರದು. ಉಪ್ಪು ಕೊನೆಗೆ ಹಾಕಿ. ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಮಾವಿನಮಿಡಿ. ಆಟಿ ತಿಂಗಳ ಮಳೆಯಲ್ಲಿ ಇದಕ್ಕಿಂತ ಹಿತವಾದ ಬೆಳಗಿನ ಊಟ ಇಲ್ಲ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಶುರುವಾದ ಮೇಲೆ ವಾರಕ್ಕೆ ನಾಲ್ಕು ದಿನ ಇದನ್ನೇ ಮಾಡಿದ್ದೇನೆ. ಕಾಳು ದಪ್ಪ ಇದ್ದಷ್ಟೂ ಜೀರ್ಣ ನಿಧಾನ, ರಕ್ತದಲ್ಲಿ ಸಕ್ಕರೆ ಏರುವುದೂ ನಿಧಾನ. ತೆಳ್ಳಗೆ ಒತ್ತಿ ಬೇಯಿಸಿಟ್ಟದ್ದು ಬೇಗ ಏರಿಸುತ್ತದೆ. ಎರಡೂ ಓಟ್ಸೇ ಅಲ್ವಾ ಅಂತ ವಾದ ಮಾಡುವವರಿಗೆ ಇದನ್ನು ಹೇಳಿ.

ಮಸಾಲೆ ಹಾಕಿದ ಇನ್‌ಸ್ಟಂಟ್ ಪೊಟ್ಟಣಗಳ ಮೇಲೆ ನನಗೆ ಪ್ರೀತಿಯಿಲ್ಲ. ಪ್ರಯಾಣದಲ್ಲಿ ಒಂದು ದಿನ ಸರಿ. ದಿನಾ ತಿನ್ನುವವರು ಹಿಂಬದಿಯಲ್ಲಿ ಉಪ್ಪು ಎಷ್ಟಿದೆ ನೋಡಿ. ಇಡೀ ದಿನಕ್ಕೇ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಉಪ್ಪಿನಕಾಯಿ ಹಪ್ಪಳ ಬಿಡದ ನಮಗೆ ಅದರ ಮೇಲೆ ಇದೂ ಬೇಕಾ? ತೂಕ ಇಳಿಸಲು ಓಟ್ಸ್ ಅನ್ನುವವರಿಗೂ ಒಂದು ಮಾತು. 100 ಗ್ರಾಂ ಓಟ್ಸಿನಲ್ಲಿ ಸುಮಾರು 380 ಕ್ಯಾಲರಿ ಇದೆ, ಅಕ್ಕಿಗಿಂತ ಕಡಿಮೆ ಏನಲ್ಲ. ನಾರು 10 ಗ್ರಾಂ, ಪ್ರೋಟೀನ್ 13 ಗ್ರಾಂ ಇರುವುದರಿಂದ ಬೇಗ ಹಸಿವಾಗುವುದಿಲ್ಲ, ಉಪಕಾರ ಅಷ್ಟೇ. ಅದರ ಮೇಲೆ ಜೇನು, ಖರ್ಜೂರ, ಎರಡು ಬಾಳೆಹಣ್ಣು, ಹಿಡಿ ಗೋಡಂಬಿ ಹಾಕಿದರೆ ತೂಕ ಎಲ್ಲಿಂದ ಇಳಿಯಬೇಕು?

ಕ್ವಿಕ್ ಓಟ್ಸ್ ದೋಸೆಗೆ ಒಳ್ಳೆಯದು. ಪುಡಿ ಮಾಡಿ, ಅಷ್ಟೇ ಅಕ್ಕಿಹಿಟ್ಟು ಸೇರಿಸಿ, ಮುಳ್ಳುಸೌತೆ ತುರಿದು ಅದರ ನೀರಿನಲ್ಲೇ ಕಲಸಿ, ಹಸಿಮೆಣಸು ಶುಂಠಿ ಹಾಕಿ ಕಾವಲಿಗೆ ಹರಡಿ. ಅಕ್ಕಿಹಿಟ್ಟು ಬಿಡಬೇಡಿ. ಓಟ್ಸಿನಲ್ಲಿ ಗೋಧಿಯ ಜಿಗುಟು ಇಲ್ಲ, ಬರೀ ಓಟ್ಸಾದರೆ ಮಗುಚುವಾಗ ಹರಿಯುತ್ತದೆ. ಗೋಧಿಯ ಗ್ಲುಟೆನ್ ಆಗದವರು ಮಾತ್ರ ಗ್ಲುಟೆನ್ ಇಲ್ಲ ಅಂತ ಬರೆದ ಪ್ಯಾಕೆಟನ್ನೇ, ಅದೂ ಡಾಕ್ಟರನ್ನು ಕೇಳಿ ತನ್ನಿ. ಒಂದೇ ಗಿರಣಿಯಲ್ಲಿ ಎರಡನ್ನೂ ಮಾಡುವುದರಿಂದ ಗೋಧಿ ಬೆರೆತಿರುತ್ತದೆ. ಇನ್ನೊಂದು, ದಯವಿಟ್ಟು ತೆಳ್ಳವಿನ ಹಿಟ್ಟಿಗೆ ಓಟ್ಸ್ ಹಾಕಬೇಡಿ. ನಮ್ಮ ನೆಂಟರ ಮನೆಯೊಂದರಲ್ಲಿ ಹಾಕಿದ್ದರು, ಕಾವಲಿಯಿಂದ ಒಂದೂ ಏಳಲಿಲ್ಲ.

ಪಾಯಸಕ್ಕೆ ಮತ್ತೆ ರೋಲ್ಡ್. ತುಪ್ಪದಲ್ಲಿ ಹುರಿದು, ತೆಳು ಕಾಯಿಹಾಲಿನಲ್ಲಿ ಪೂರ್ತಿ ಬೆಂದ ಮೇಲೆ ಬೆಲ್ಲ. ಮೊದಲೇ ಬೆಲ್ಲ ಹಾಕಿದರೆ ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ದಪ್ಪ ಕಾಯಿಹಾಲು ಉರಿ ಆರಿಸಿದ ಮೇಲೆ.

ಮಳೆಗಾಲಕ್ಕೆ ಅಂತ ಐದು ಕಿಲೋ ಒಟ್ಟಿಗೆ ತರಬೇಡಿ. ನಮ್ಮ ಊರಿನ ತೇವಕ್ಕೆ ಬಾಯಿ ಕತ್ತರಿಸಿದ ಪ್ಯಾಕೆಟನ್ನು ಬಟ್ಟೆಪಿನ್ನು ಸಿಕ್ಕಿಸಿ ಇಟ್ಟರೆ ಹದಿನೈದು ದಿನಕ್ಕೆ ಹುಳ. ಸಣ್ಣ ಪ್ಯಾಕೆಟ್ ತಂದು, ಒಣಗಿದ ಗಾಜಿನ ಭರಣಿಗೆ ಹಾಕಿ, ಒದ್ದೆ ಚಮಚ ಹಾಕದೆ ಬಳಸಿ. ಪುಡಿ ಮಾಡಿದ್ದಂತೂ ಬೇಗ ಕಮಟುತ್ತದೆ, ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಗಂಜಿ ಮಾಡಿದ ಪಾತ್ರೆಗೆ ಕೂಡಲೇ ತಣ್ಣೀರು ತುಂಬಿಸಿಡಿ, ಬಿಸಿನೀರಲ್ಲ. ಒಣಗಲು ಬಿಟ್ಟರೆ ಸಂಜೆ ತೆಂಗಿನ ನಾರು ಹಿಡಿದು ಅರ್ಧ ಗಂಟೆ ತಿಕ್ಕಬೇಕಾಗುತ್ತದೆ.