ಟ್ಯಾಂಕರ್ ಚಾಲಕರ ಕಡ್ಡಾಯ ತರಬೇತಿ ರಸ್ತೆಯಲ್ಲಿ ಕೆಲಸಕ್ಕೆ ಬರಬೇಕಾದರೆ

ಪೆಟ್ರೋಲ್, ಎಲ್‌ಪಿಜಿ, ಆಸಿಡ್‌ನಂಥ ಅಪಾಯಕಾರಿ ಸರಕು ಸಾಗಿಸುವ ಚಾಲಕರಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದ ಪ್ರಕಾರ ಮೂರು ದಿನದ ತರಬೇತಿ ಕಡ್ಡಾಯ. ಇಂಥ ಸರಕು ಸಾಗಿಸಬಹುದೆಂದು ಲೈಸೆನ್ಸಿನಲ್ಲಿ ಹಾಕುವ ಎಂಡಾರ್ಸ್‌ಮೆಂಟ್ ನವೀಕರಿಸುವಾಗ ಮತ್ತೆ ಒಂದು ದಿನದ ತರಬೇತಿ ಆಗಬೇಕು. ಬಹಳ ಕಡೆ ಇದು ಸ್ಲೈಡು, ವಿಡಿಯೊ, ಊಟ, ಸರ್ಟಿಫಿಕೇಟಿಗೆ ಮುಗಿದುಹೋಗುತ್ತದೆ. ಆದರೆ ಒಬ್ಬೊಬ್ಬ ಚಾಲಕನಿಗೂ ಗಾಡಿಯ ಮೇಲೆ ಬೇರೆಯಾಗಿ ತರಬೇತಿ ಕೊಡಬೇಕೆಂದು ಆ ನಿಯಮದ ಪಠ್ಯಕ್ರಮವೇ ಹೇಳುತ್ತದೆ. ತರಬೇತಿ ಕೊಡುವವರು ಮತ್ತು ಗಾಡಿ ಮಾಲೀಕರು ಅದನ್ನೇ ಹಿಡಿದುಕೊಂಡು ಅರ್ಧಕ್ಕಿಂತ ಹೆಚ್ಚು ಹೊತ್ತನ್ನು ಯಾರ್ಡಿಗೆ ಸಾಗಿಸಬೇಕು.

ಮೊದಲು ದಿನ ಗೊತ್ತುಮಾಡಿ. ರಾತ್ರಿಯಿಡೀ ಗಾಡಿ ಓಡಿಸಿ ಬಂದವರನ್ನು ಬೆಳಿಗ್ಗೆ ತರಗತಿಯಲ್ಲಿ ಕೂರಿಸಿದರೆ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ಗಾಡಿ ಎಫ್‌ಸಿಗೋ ಸರ್ವಿಸಿಗೋ ನಿಂತಿರುವ ದಿನ ಆರಿಸಿಕೊಳ್ಳಿ, ಹಿಂದಿನ ರಾತ್ರಿ ಟ್ರಿಪ್ ಕೊಡಬೇಡಿ. ತರಬೇತಿಯ ದಿನಕ್ಕೂ ಬಾಟಾ ಕೊಡಲೇಬೇಕು. ಟ್ರಿಪ್ ತಪ್ಪಿ ದುಡ್ಡು ಹೋಯಿತು ಎಂಬ ಲೆಕ್ಕ ತಲೆಯಲ್ಲಿದ್ದರೆ ಚಾಲಕ ಗಡಿಯಾರ ನೋಡುತ್ತಲೇ ಕೂತಿರುತ್ತಾನೆ. ಒಂದು ಬ್ಯಾಚಿಗೆ ಹನ್ನೆರಡು ಮಂದಿ ಸಾಕು. ಕ್ಲೀನರ್‌ಗಳನ್ನೂ ಕರೆಯಿರಿ, ಅವಘಡದಲ್ಲಿ ಚಾಲಕನಿಗೆ ಪೆಟ್ಟಾದರೆ ಮುಂದಿನ ಕೆಲಸವೆಲ್ಲ ಅವರದ್ದೇ. ಮಂಗಳೂರು–ಬೆಂಗಳೂರು ದಾರಿಯ ಗಾಡಿಗಳಲ್ಲಿ ತಮಿಳು, ಹಿಂದಿ, ಮಲಯಾಳಂ ಮಾತಾಡುವವರೂ ಇರುತ್ತಾರೆ. ಕನ್ನಡದ ಜೊತೆ ಅವರ ಮಾತು ಬಲ್ಲ ಹಿರಿಯ ಚಾಲಕರೊಬ್ಬರು ಪಕ್ಕದಲ್ಲಿರಲಿ.

ಘಾಟಿ ಇಳಿಯುವ ಪಾಠಕ್ಕೆ ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಏರ್ ಗೇಜಿಗಿಂತ ಒಳ್ಳೆಯ ಮೇಷ್ಟರಿಲ್ಲ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಅಡ್ಡ ಮರದ ತುಂಡು ಕೊಟ್ಟು, ಏರ್ ಪೂರ್ತಿ ತುಂಬುವವರೆಗೆ ಎಂಜಿನ್ ಓಡಿಸಿ. ಆಮೇಲೆ ಎಂಜಿನ್ ನಿಲ್ಲಿಸಿ ಕೀ ಆನ್ ಇಡಿ. ಚಾಲಕ ಬ್ರೇಕನ್ನು ಪೂರ್ತಿ ಒತ್ತಿ ಬಿಡಲಿ, ಪ್ರತಿ ಸಲವೂ ಗೇಜಿನ ಅಂಕಿಯನ್ನು ಇನ್ನೊಬ್ಬ ಬೋರ್ಡಿನ ಮೇಲೆ ಬರೆಯಲಿ. ಎಚ್ಚರಿಕೆಯ ದೀಪ ಹತ್ತುವ ಹೊತ್ತಿಗೆ ಎಷ್ಟು ಸಲ ಒತ್ತಿದ್ದಾಯಿತೆಂದು ಎಲ್ಲರೂ ಎಣಿಸಿರುತ್ತಾರೆ. ಮತ್ತೆ ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲೇ ಏರ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ, ಆಕ್ಸಿಲರೇಟರ್ ಒತ್ತಿ ವೇಗ ಏರಿಸಿದಾಗ ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಅಳೆಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದು ಯಾಕೆ ಜೀವಕ್ಕೆ ಕುತ್ತು ಎಂಬುದು ಇಲ್ಲಿ ಕಣ್ಣೆದುರೇ ಕಾಣುತ್ತದೆ: ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಏರ್ ತುಂಬುವ ಕಂಪ್ರೆಸರ್ ನಿಧಾನ, ಮೇಲಿಂದ ಮೇಲೆ ಬ್ರೇಕ್ ಒತ್ತಿದರೆ ಏರ್ ಖಾಲಿ. ಜೊತೆಗೆ ಬ್ರೇಕ್ ಡ್ರಮ್ ಕಾದರೆ ಲೈನರಿನ ಹಿಡಿತವೂ ಹೋಗುತ್ತದೆ. ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿ ಇಳಿಯುವವರು ಕೆಳಗಿನ ಗೇರನ್ನು ಇಳಿಜಾರು ಶುರುವಾಗುವ ಮಾರನಹಳ್ಳಿಯಲ್ಲೇ ಹಾಕಿಕೊಂಡು, ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಬಳಸಬೇಕು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಹೋಗಬಾರದು. ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಗಂಟೆಗೆ 8–10 ಕಿ.ಮೀ.ನಷ್ಟು ಕಡಿಮೆಯಾದ ಮೇಲೆ ಪೂರ್ತಿ ಬಿಡಬೇಕು. ಆ ದಿಕ್ಕಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಖಾಲಿ ಟ್ಯಾಂಕರ್‌ಗಳು. ಖಾಲಿ ಗಾಡಿ ಮಳೆಯಲ್ಲಿ ಬೇಗ ಜಾರುತ್ತದೆ ಎಂದೂ, ಖಾಲಿ ಟ್ಯಾಂಕಿನೊಳಗೆ ಉಳಿದ ಆವಿಗೆ ಬೆಂಕಿ ತಗಲುತ್ತದೆ ಎಂದೂ ಒತ್ತಿ ಹೇಳಿ.

ಅಂತರದ ಪಾಠಕ್ಕೆ ಗಾಡಿ ಓಡಿಸುವುದೇ ಬೇಡ, 25 ಮೀಟರ್ ಹಗ್ಗ ಸಾಕು. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16.7 ಮೀಟರ್ ಓಡುತ್ತದೆ. ಕಣ್ಣಿಗೆ ಬಿದ್ದದ್ದು ಕಾಲಿಗೆ ತಲುಪಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 25 ಮೀಟರ್ ಹೋಯಿತು, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಎಷ್ಟು ದೂರ ಎಂದು ಮೊದಲು ಚಾಲಕರೇ ಸುಣ್ಣದ ಗೆರೆ ಎಳೆದು ತೋರಿಸಲಿ, ಆಮೇಲೆ ಹಗ್ಗ ಬಿಚ್ಚಿ. ಬಹುತೇಕರ ಗೆರೆ ತೀರಾ ಹತ್ತಿರ ಇರುತ್ತದೆ. ಹಾಗೆಯೇ ಚಾಲಕನನ್ನು ಸೀಟಿನಲ್ಲಿ ಕೂರಿಸಿ ಗಾಡಿಯ ಸುತ್ತ, ಮುಖ್ಯವಾಗಿ ಎಡಬದಿಯಲ್ಲಿ ಮತ್ತು ಬಂಪರಿನ ಮುಂದೆ, ಜನರನ್ನು ನಿಲ್ಲಿಸಿ. ಕಾಣದ ಜಾಗಕ್ಕೆಲ್ಲ ಸುಣ್ಣ ಬಳಿಯಿರಿ. ಎಲ್ಲರೂ ಒಮ್ಮೆ ಸೀಟಿಗೆ ಹತ್ತಲಿ, ಒಮ್ಮೆ ಸುಣ್ಣದೊಳಗೂ ನಿಲ್ಲಲಿ.

ಮೂರನೇ ದಿನದ ಸರಕಿನ ಪಾಠಕ್ಕೆ ಹೆಚ್ಚು ಹೊತ್ತು ಕೊಡಿ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಎಲ್‌ಪಿಜಿ ತುಂಬಿದ ಬುಲೆಟ್ ಟ್ಯಾಂಕರ್ ಉರುಳಿ, ಗ್ಯಾಸ್ ಹರಡಿ ಬೆಂಕಿ ಹತ್ತಿಕೊಂಡು ರಸ್ತೆ ಬದಿಯ ಮನೆಗಳವರೂ ಸತ್ತರು. ಒಂದು ಲೀಟರ್ ಎಲ್‌ಪಿಜಿ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ಚರಂಡಿ, ತಗ್ಗು, ಬಾವಿ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಎಂಜಿನ್ ಬಂದ್ ಮಾಡಿ, ಗಾಳಿ ಬೀಸಿ ಬರುವ ಕಡೆಗೆ ಸರಿದು, ದೂರ ಹೋದ ಮೇಲೆಯೇ ಮೊಬೈಲ್ ತೆಗೆಯಬೇಕು. ಎರಡೂ ಕಡೆ ವಾಹನ ತಡೆಯಬೇಕು, ಅಕ್ಕಪಕ್ಕದ ಮನೆಯವರಿಗೆ ಒಲೆ ಆರಿಸಿ, ಸ್ವಿಚ್ ಮುಟ್ಟದೆ ಹೊರಡಲು ಹೇಳಬೇಕು.

ಇದನ್ನು ಬಾಯಿಪಾಠ ಮಾಡಿಸಬೇಡಿ, ಫೋನ್ ಮಾಡಿಸಿ. ಸರಕಿನ ಅಪಾಯ ಮತ್ತು ತುರ್ತು ಕ್ರಮ ಬರೆದಿರುವ ಟ್ರೆಮ್ ಕಾರ್ಡ್ ಕ್ಯಾಬಿನ್‌ನಲ್ಲಿ ಇರಲೇಬೇಕು, ಆದರೆ ಸಾಮಾನ್ಯವಾಗಿ ಅದು ಆರ್‌ಸಿ, ಇನ್ಶೂರೆನ್ಸ್ ಜೊತೆ ಪ್ಲಾಸ್ಟಿಕ್ ಫೈಲಿನ ತಳದಲ್ಲಿರುತ್ತದೆ. ಚಾಲಕ ತನ್ನ ಗಾಡಿಯ ಕಾರ್ಡನ್ನೇ ಒಂದು ನಿಮಿಷದೊಳಗೆ ತೆಗೆದು ಸರಕನ್ನು ಗುರುತಿಸುವ ಯುಎನ್ ಸಂಖ್ಯೆ ಮತ್ತು ತುರ್ತು ಫೋನ್ ನಂಬರ್ ತೋರಿಸಲಿ. ಪೆಟ್ರೋಲಿಗೆ 1203, ಎಲ್‌ಪಿಜಿಗೆ 1075. ನಂತರ ಪಕ್ಕದ ಕೋಣೆಯಲ್ಲಿ ಕೂತವರಿಗೆ ಫೋನ್ ಮಾಡಿ ಅರ್ಧ ನಿಮಿಷದಲ್ಲಿ ಸುದ್ದಿ ಮುಟ್ಟಿಸಲಿ: ಹೆದ್ದಾರಿ, ಕಿಲೋಮೀಟರ್ ಕಲ್ಲು, ಹತ್ತಿರದ ಊರು, ಸರಕು, ಸೋರಿಕೆಯೋ ಬೆಂಕಿಯೋ, ಗಾಳಿ ಯಾವ ಕಡೆಗೆ, ಗಾಯಾಳುಗಳು ಎಷ್ಟು. ಆ ಕಡೆಯವರು ಕೇಳಿಸಿಕೊಂಡದ್ದನ್ನು ಬರೆದು ಎಲ್ಲರೆದುರು ಓದಲಿ. ಮೊದಲ ಸಲ ಜಾಗವೇ ಬಿಟ್ಟುಹೋಗಿರುತ್ತದೆ. ಎರಡನೇ ಸಲಕ್ಕೆ ಸರಿಹೋಗುತ್ತದೆ. ಕಾರ್ಡಿನ ಕನ್ನಡ ಪ್ರತಿಯೊಂದನ್ನು ಡ್ಯಾಶ್‌ಬೋರ್ಡಿನ ಬಳಿ ಅಂಟಿಸಿ ಕಳಿಸಿ.

ಅಗ್ನಿಶಾಮಕ ಸಿಲಿಂಡರಿನ ಪಿನ್ನನ್ನು ಒಮ್ಮೆಯೂ ಎಳೆಯದ ಚಾಲಕರೇ ಹೆಚ್ಚು. ರೀಫಿಲ್‌ಗೆ ಹೋಗಬೇಕಾದ ಸಿಲಿಂಡರ್‌ಗಳನ್ನು ಕೂಡಿಟ್ಟು ಅಭ್ಯಾಸಕ್ಕೆ ಬಳಸಿದರೆ ಬೇರೆ ಖರ್ಚಿಲ್ಲ. ಅಗ್ನಿಶಾಮಕ ಠಾಣೆಯವರನ್ನು ಕರೆಸಿಕೊಂಡೇ ಮಾಡಿ. ಗಾಳಿ ಬೆನ್ನಿಗಿರಲಿ, ಎರಡು ಎರಡೂವರೆ ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಹೊಡೆಯಲಿ. 10 ಕೆ.ಜಿ. ಪೌಡರ್ ಅರ್ಧ ನಿಮಿಷವೂ ಬರುವುದಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಸೋರಿಕೆ ನಿಲ್ಲಿಸಲು ಆಗದಿದ್ದರೆ ಉರಿಯುತ್ತಿರುವ ಗ್ಯಾಸನ್ನು ಆರಿಸಲು ಹೋಗಬಾರದು. ಜ್ವಾಲೆ ಆರಿದರೂ ಗ್ಯಾಸ್ ಹೊರಬರುತ್ತಲೇ ಇರುತ್ತದೆ, ಶೇಖರವಾಗಿ ಒಮ್ಮೆಲೇ ಸ್ಫೋಟಿಸುತ್ತದೆ.

ಗಾಡಿ ಕೆಟ್ಟು ನಿಂತಾಗ ತ್ರಿಕೋನ ಫಲಕವನ್ನು ಅರವತ್ತು ಹೆಜ್ಜೆ ಹಿಂದೆ ಇಡಬೇಕು, ತಿರುವಿದ್ದರೆ ತಿರುವಿಗೂ ಮುಂಚೆ. ಕಲ್ಲು, ಸೊಪ್ಪು ಇಟ್ಟು ಹಾಗೆಯೇ ಬಿಟ್ಟುಹೋದರೆ ರಾತ್ರಿ ಬೈಕಿನವರು ಬೀಳುತ್ತಾರೆ.

ನಿದ್ದೆಯ ಪಾಠಕ್ಕೆ ಟ್ರಿಪ್ ಕಳಿಸುವ ಸೂಪರ್‌ವೈಸರ್ ಕೂಡ ಕೂರಬೇಕು, ತಪ್ಪಿಸಿಕೊಳ್ಳಲು ಬಿಡಬೇಡಿ. ಹಿಂದಿನ ವಾರದ ನಿಜವಾದ ಟ್ರಿಪ್ ಶೀಟ್ ಮೇಜಿನ ಮೇಲಿಟ್ಟು, ಲೋಡಿಂಗ್ ಸಾಲಿನಲ್ಲಿ ಕಾದ ಹೊತ್ತನ್ನೂ ಸೇರಿಸಿ, ಮಲಗಲು ಎಷ್ಟು ಗಂಟೆ ಉಳಿಯಿತೆಂದು ಲೆಕ್ಕ ಹಾಕಿ. ಸಮಯವೇ ಸಾಲದಿದ್ದರೆ ಚಾಲಕನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಶೀಟ್ ತಿದ್ದಬೇಕು. ರಾತ್ರಿ ಎರಡರಿಂದ ಐದರವರೆಗೆ ತೂಕಡಿಕೆ ಜಾಸ್ತಿ. ಚಹಾ ನಂಬಿಕೊಂಡು ಹೋಗುವ ಬದಲು ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಲು ಅನುಮತಿಯಿದೆ ಎಂದು ಸೂಪರ್‌ವೈಸರ್ ಬಾಯಿಂದಲೇ ಹೇಳಿಸಿ. ಅದೇ ದಿನ ಕಣ್ಣು, ಬಿಪಿ, ಸಕ್ಕರೆ ಪರೀಕ್ಷೆಯೂ ಆಗಲಿ. ವರದಿ ಚಾಲಕನ ಕೈಗಷ್ಟೇ ಸೇರಬೇಕು. ಮಾಲೀಕರಿಗೆ ಹೋಗುತ್ತದೆಂದು ಗೊತ್ತಾದರೆ ಯಾರೂ ನಿಜ ಹೇಳುವುದಿಲ್ಲ.

ಕೊನೆಗೆ ಟಿಕ್ ಹಾಕುವ ಪ್ರಶ್ನೆಪತ್ರಿಕೆಯ ಜೊತೆ ಇಷ್ಟನ್ನು ಮಾಡಿ ತೋರಿಸಲಿ: ಕಾರ್ಡ್ ತೆಗೆಯುವುದು, ಫೋನ್ ಸುದ್ದಿ, ತುರ್ತು ವಾಲ್ವ್ ಮುಚ್ಚುವುದು, ಪಿನ್ ಎಳೆಯುವುದು, ಹೊರಡುವ ಮುಂಚಿನ ಗಾಡಿ ತಪಾಸಣೆ. ಮಾಡಲು ಬಾರದವರು ಇನ್ನೊಮ್ಮೆ ಮಾಡಿ ತೋರಿಸಿದ ಮೇಲೆಯೇ ಸರ್ಟಿಫಿಕೇಟಿಗೆ ಸಹಿ ಹಾಕಿ. ತಿಂಗಳ ನಂತರ ಲೋಡಿಗೆ ಕಾಯುತ್ತಿರುವಾಗ ಇವುಗಳಲ್ಲಿ ಯಾವುದಾದರೂ ಎರಡನ್ನು ಹತ್ತು ನಿಮಿಷದಲ್ಲಿ ಮತ್ತೆ ಮಾಡಿಸಿ, ಮರೆತದ್ದನ್ನು ಬರೆದಿಟ್ಟುಕೊಂಡು ಮುಂದಿನ ಬ್ಯಾಚನ್ನು ಅಲ್ಲಿಂದಲೇ ಶುರುಮಾಡಿ.